ಎಳೆದರೂ ನಿಲ್ಲದ ಬ್ರೇಕು

ಬೆರ್ರೆಂದೊ ಸ್ಟೇಷನ್,
ನವೆಂಬರ್ 19, 1991, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಹೆಂಚಿನ ಗೂಡಿನ ಧೂಳಿಗೆ ನಿನಗೆ ಕೆಮ್ಮು ಹತ್ತಿದೆಯೆಂದು ಉಬಾಲ್ದ ಅತ್ತೆ ಲಾರಿಯ ಎವರಿಸ್ತೊ ಹತ್ತಿರ ಹೇಳಿಕಳಿಸಿದ್ದಳು. ಈಗ ಕಡಿಮೆಯಾಗಿದೆಯೆ? ಅಮ್ಮ ಗೊರ್ದೊಲೋಬೊ ಹೂವು ಒಣಗಿಸಿ ಒಂದು ಡಬ್ಬಿ ತುಂಬ ಕಳಿಸುತ್ತಿದ್ದಾಳೆ. ಒಂದು ಹಿಡಿ ಹಾಕಿ ಕುದಿಸಿ ಬಟ್ಟೆಯಲ್ಲೇ ಸೋಸಬೇಕಂತೆ. ಇಲ್ಲದಿದ್ದರೆ ಹೂವಿನ ಸುಂಕು ಗಂಟಲಿಗೆ ಹತ್ತಿ ಕೆಮ್ಮು ಇನ್ನೂ ಹೆಚ್ಚಾಗುತ್ತದಂತೆ. ನೀನು ಸೋಸುವ ಗಿರಾಕಿಯಲ್ಲ ಎಂದು ಅವಳಿಗೆ ಗೊತ್ತು, ಅದಕ್ಕೇ ಬಟ್ಟೆಯನ್ನೂ ಡಬ್ಬಿಯೊಳಗೆ ತುರುಕಿದ್ದಾಳೆ. ಅತ್ತೆಯ ಮನೆಯಲ್ಲಿ ಹೊದಿಕೆ ಸಾಕಷ್ಟು ಇದೆಯೆ? ಸಾಲ್ತಿಯೊದಲ್ಲಿ ನಮಗಿಂತ ಚಳಿ ಹೆಚ್ಚು ಅನ್ನುತ್ತಾರೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ವಾಡಿಕೆ. ಅಮ್ಮ ಚೆನ್ನಾಗಿದ್ದಾಳೆ. ಅಪ್ಪನ ಬೆರಳಿನ ಗಂಟುಗಳು ಚಳಿಗೆ ಊದಿಕೊಂಡಿವೆ, ಪಾನಾ ಹಿಡಿಯಲು ಆಗುವುದಿಲ್ಲ, ಆದರೂ ಹಿಡಿಯುತ್ತಾನೆ. ಕಪ್ಪು ಮೇಕೆ ಎರಡು ಮರಿ ಹಾಕಿದೆ. ನಾನು ಮಾತ್ರ ಚೆನ್ನಾಗಿಲ್ಲ. ಜ್ವರ, ನೆಗಡಿ ಏನೂ ಇಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ ಅಷ್ಟೆ. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ. ಅಂಗಳದಲ್ಲಿ ಮಾಡುವ ಕೆಲಸವೇನೂ ಇಲ್ಲ. ನಿನ್ನೆ ನಿನಗೆ ಫೋನ್ ಮಾಡೋಣವೆಂದು ಅಂಗಡಿಯವರೆಗೂ ಹೋಗಿದ್ದೆ. ಆರು ಜನ ಸೋಡಾ ಕುಡಿಯುತ್ತಾ ಕೂತಿದ್ದರು, ಎಲ್ಲರ ಕಿವಿಯೂ ಫೋನಿನ ಕಡೆಗೇ. ಅರ್ಧ ಕೆಜಿ ಉಪ್ಪು ಕೊಂಡು ವಾಪಸ್ ಬಂದೆ. ನಾಲ್ಕು ಜನರ ಮುಂದೆ ನನ್ನ ಬಾಯಿ ಏಳುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ಆರನೇ ಕ್ಲಾಸಿಗೆ ಬಿಟ್ಟ ನನ್ನ ಅಕ್ಷರ ಅದಕ್ಕಿಂತ ವಾಸಿ. ಎವರಿಸ್ತೊ ಬೀದಿಯಲ್ಲಿ ಕತ್ತಾಳೆ ನಾರಿನ ಕಟ್ಟುಗಳನ್ನು ಲಾರಿಗೆ ತುಂಬುತ್ತಿದ್ದಾನೆ, ಎರಡು ಗಂಟೆಗೆ ಹೊರಡುತ್ತಾನಂತೆ. ಅಷ್ಟರೊಳಗೆ ಎಲ್ಲವನ್ನೂ ಬರೆದು ಮುಗಿಸಬೇಕು. ತಪ್ಪಿದರೆ ಮತ್ತೆ ಒಂದು ವಾರ, ಒಂದು ವಾರ ನಾನು ತಡೆಯಲಾರೆ.

ಮೊದಲು ನಿನಗೆ ಸೇರಬೇಕಾದ ಸುದ್ದಿ. ಆ ಶನಿವಾರ ನೀನು ಹ್ಯಾಂಡ್‌ಬ್ರೇಕ್ ಎಳೆದಿದ್ದೆ. ಇದು ಈಗ ಊರಿಗೆಲ್ಲ ಗೊತ್ತಾಗಿದೆ, ಅಪ್ಪನಿಗೂ ಗೊತ್ತಾಗಿದೆ. ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಬರೆಯುವ ಆಸೆಯಾಗುತ್ತದೆ, ಆದರೆ ಅದು ಸುಳ್ಳು. ಅಪ್ಪ ನಂಬದೆ ಹೋದಾಗ ನಾನೂ ನಿನ್ನನ್ನು ನಂಬಿರಲಿಲ್ಲ.

ಆ ದಿನ ನಾನು ಮೇಲಿನ ಊರಿನಲ್ಲಿ ಇರಲಿಲ್ಲ. ಹತ್ತು ಜನ ಹತ್ತು ಥರ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ. ತಪ್ಪಿದ್ದರೆ ನೀನೇ ತಿದ್ದಿಕೋ. ರೈಲಿನಿಂದ ಇಳಿದ ಹನ್ನೊಂದು ಜನರನ್ನೂ ನಾಲ್ಕು ಮೂಟೆ ಸಿಮೆಂಟನ್ನೂ ಹೇರಿಕೊಂಡು ನೀನು ಘಟ್ಟ ಹತ್ತಿದೆ. ಬೇಕರಿ ಮುಂದಿನ ಇಳಿಜಾರಿನಲ್ಲಿ ನಮ್ಮ ಜೀಪು ಮೊರೇನಳನ್ನು ನಿಲ್ಲಿಸಿದೆ. ಮೇಲೆ ತಲುಪಿದ ಕೂಡಲೇ ನಮ್ಮ ಜೀಪಿನವರೆಲ್ಲ ಮಾಡುವ ಹಾಗೆ ಮುಂದಿನ ಗಾಲಿಗಳನ್ನು ಇಂಜಿನ್ನಿನ ಹಿಡಿತದಿಂದ ಬಿಡಿಸಿದೆ, ಹ್ಯಾಂಡ್‌ಬ್ರೇಕ್ ಎಳೆದೆ, ಇಳಿದೆ. ಗಾಲಿಗೆ ಕಲ್ಲು ಕೊಡಲಿಲ್ಲ. ಯಾಕೆಂದರೆ ಅಪ್ಪ ನಮ್ಮ ಜೀಪಿಗೆ ಕಲ್ಲು ಕೊಡುವುದನ್ನೇ ನಿಲ್ಲಿಸಿದ್ದ. "ಕಲ್ಲು ಇಡೋದು ಬ್ರೇಕಿಲ್ದೋರ ಕೆಲ್ಸ. ಎಪಿಫಾನಿಯೊ ಜೀಪು ಹೇಳಿದ್ ಕಡೆ ನಿಲ್ಲುತ್ತೆ" ಎಂದು ಅವನು ಜಂಬ ಕೊಚ್ಚಿಕೊಂಡದ್ದನ್ನು ಕೇಳದವರು ಈ ಬೆಟ್ಟದಲ್ಲಿ ಯಾರಿದ್ದಾರೆ? ನೀನು ಎರಡನೇ ಮೂಟೆಯನ್ನು ಬೇಕರಿಯ ಒಳಗೆ ಇಳಿಸುತ್ತಿದ್ದಾಗ ಜೀಪು ತಾನಾಗಿ ಹಿಂದಕ್ಕೆ ಹೊರಟಿತು. ನೀರಿನ ತೊಟ್ಟಿಯ ಹತ್ತಿರ ಚೀಸು ಮಾರುತ್ತಾ ಕೂತಿದ್ದ ದೋನ್ಯ ಪೆತ್ರೋನಿಲಳ ಕಾಲು ತೊಟ್ಟಿಗೂ ಬಂಪರಿಗೂ ನಡುವೆ ಸಿಕ್ಕಿತು. ಹತ್ತಿರ ತನ್ನ ಜೀಪು ನಿಲ್ಲಿಸಿದ್ದ ದೆಲ್ಫೀನೊ ಹಾರಿ ನಮ್ಮದರೊಳಗೆ ಕೂತು, ಸ್ಟಾರ್ಟ್ ಮಾಡಿ, ನಾಲ್ಕೂ ಗಾಲಿ ಹಿಡಿಸಿ, ಜೀಪನ್ನು ಮುಂದಕ್ಕೆ ತಂದು ಅವಳನ್ನು ಬಿಡಿಸಿದ. ಆ ಗಡಿಬಿಡಿಯಲ್ಲಿ ಬ್ರೇಕಿನ ಲಿವರು ಮೇಲಿತ್ತೋ ಕೆಳಗಿತ್ತೋ ಅವನಿಗೇ ನೆನಪಿಲ್ಲ. "ಅಜ್ಜಿ ಕಿರುಚ್ತಾ ಇದ್ಲು ಕಣಮ್ಮ, ನಾನು ಲಿವರಿನ ಮುಖ ನೋಡ್ಕೊಂಡು ಕೂರ್ಲಾ?" ಎಂದು ನನ್ನನ್ನೇ ಗದರಿಸಿದ.

ಮುಂದಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. "ಎಳ್ದಿದ್ಯಾ?" ಎಂದು ಅಪ್ಪ ಕೇಳಿದ. "ಎಳ್ದಿದ್ದೆ" ಅಂದೆ. "ಸುಳ್ಳು ಬೊಗಳ್ಬೇಡ. ಎಳೆದಿದ್ರೆ ಅದ್ಯಾಕೋ ಹೋಗ್ತಿತ್ತು?" ಹದಿನಾಲ್ಕು ಜೀಪಿನವರ ಎದುರಿಗೆ ಅಪ್ಪ ಹಾಗಂದ. ನೀನು ಮತ್ತೊಂದು ಮಾತಾಡದೆ ಕೀಲಿಕೈಯನ್ನು ಬಾನೆಟ್ಟಿನ ಮೇಲಿಟ್ಟು, ಹಳೇ ಗಣಿಯ ಕಾಲುದಾರಿಯಲ್ಲಿ ಇಳಿದುಬಂದು, ಅಮ್ಮನ ಕೈಯಿಂದ ಎರಡು ಅಂಗಿ ಇಸಿದುಕೊಂಡು ಹೊರಟೇಹೋದೆ. ನಾನು ಆಗ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ನಿನ್ನ ಬೆನ್ನು ಕಂಡಿತು, ಕೂಗಲಿಲ್ಲ. ಇನ್ನೂ ಮೂರು ಜನ ಒಗೆಯುತ್ತಿದ್ದರು, ಅವರ ಮುಂದೆ ಹೇಗೆ ಕೂಗಲಿ?

ದೋನ್ಯ ಪೆತ್ರೋನಿಲಳ ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು. ಈಗ ಕೂಡಿಕೊಳ್ಳುತ್ತಿದೆ, ಊರುಗೋಲು ಹಿಡಿದು ಓಡಾಡುತ್ತಾಳೆ. ಪ್ರತಿ ಗುರುವಾರ ಅಮ್ಮ ಅವಳಿಗೆ ಸಾರು ಕಾಯಿಸಿ ಕಳಿಸುತ್ತಾಳೆ. ಕೊಡಲು ಹೋದ ನಾನು ತಲೆ ತಗ್ಗಿಸಿ ನಿಂತರೆ, "ಮಾತಾಡೇ ಹುಡುಗಿ, ನಿಮ್ಮ ಜೀಪು ಮುರಿದಿದ್ದು ನನ್ನ ಕಾಲು, ನಾಲಿಗೆ ಅಲ್ಲ" ಅನ್ನುತ್ತಾಳೆ. ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಅವಳ ಸಿಟ್ಟೆಲ್ಲ ಅಪ್ಪನ ಮೇಲೆ. ಹೆತ್ತವನು ಮಗನನ್ನು ಬೀದಿಯಲ್ಲಿ ಸುಳ್ಳುಗಾರ ಅನ್ನಬಾರದಿತ್ತು, ಅನ್ನಲೇಬೇಕಿದ್ದರೆ ಮನೆಯೊಳಗೆ ಬಾಗಿಲು ಹಾಕಿಕೊಂಡು ಅನ್ನಬೇಕಿತ್ತು ಅನ್ನುವುದು ಅವಳ ಮಾತು.

ಜೀಪು ಸಂಘದವರು ಮೊರೇನಳನ್ನು ಸರದಿಯಿಂದ ತೆಗೆದರು. ತಾನಾಗಿ ಉರುಳಿದ ಜೀಪು ಗೊರ್ದಿತ ಪರೀಕ್ಷೆ ಪಾಸಾಗುವವರೆಗೆ ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ನಾವು ಚಿಕ್ಕವರಿದ್ದಾಗ ದೆಲ್ಫೀನೊನ ಅಪ್ಪ ಹಾಗೆ ಕೂತದ್ದು ನಿನಗೆ ನೆನಪಿರಬೇಕು. ಬೇಕರಿ ಇಳಿಜಾರಿನಲ್ಲಿ ಜೀಪನ್ನು ಕೆಳಮುಖವಾಗಿ ನಿಲ್ಲಿಸಿ, ಗೇರಿನಿಂದ ತೆಗೆದು, ಕಲ್ಲಿಡದೆ, ಬರೀ ಹ್ಯಾಂಡ್‌ಬ್ರೇಕ್ ಎಳೆದು, ಎಳೆದವನೇ ಬಂಪರಿಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಹುರುಳಿಕಾಯಿ ಬೀಜ ತುಂಬಿದ ಒಂದು ಬಿಸಿ ಗೊರ್ದಿತ ರೊಟ್ಟಿ ತಿಂದು ಮುಗಿಸಬೇಕು. ಇಬ್ಬರು ಕಲ್ಲು ಹಿಡಿದು ಅಕ್ಕಪಕ್ಕ ಕಾಯುತ್ತಾರೆ. ಅವಸರ ಮಾಡಿ ನುಂಗಿದರೆ, ಒಂದೇ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರೆ ಲೆಕ್ಕಕ್ಕಿಲ್ಲ. ತನ್ನ ಬ್ರೇಕಿನ ಮೇಲೆ ತನಗೇ ನಂಬಿಕೆಯಿಲ್ಲದವನು ಬೇರೆಯವರ ಮಕ್ಕಳನ್ನು ಹೇಗೆ ಹತ್ತಿಸಿಕೊಳ್ಳುತ್ತಾನೆ ಎಂದು ಸಂಘದ ದೋನ್ ತಿಬುರ್ಸಿಯೊ ಕೇಳುತ್ತಾರೆ.

ಅಪ್ಪ ಮೊದಮೊದಲು ಅದನ್ನು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ. "ನಮ್ಮ ಬ್ರೇಕಿಗೆ ಏನೂ ಆಗಿಲ್ಲ, ಕೈಗೆ ಆಗಿರೋದು" ಎಂದು ನಿನ್ನನ್ನು ಬೈದುಕೊಂಡೇ ಲಿವರು ಬಿಚ್ಚಿದ. ಲಿವರಿನ ಹಲ್ಲುಗಳು ಸವೆದಿರಲಿಲ್ಲ. ಆಮೇಲೆ ಕೇಬಲ್ ನೋಡಿದೆವು. ಎರಡು ಎಳೆ ಹರಿದಿತ್ತು, ಉಳಿದದ್ದು ಗಟ್ಟಿಯಿತ್ತು, ಆದರೂ ಬದಲಾಯಿಸಿದೆವು. ಮೂರನೆಯದು ಡ್ರಮ್ಮು. ನಮ್ಮಿಬ್ಬರನ್ನೂ ಜೀಪಿನ ಕೆಳಗೆ ಅಕ್ಕಪಕ್ಕ ಮಲಗಿಸಿಕೊಂಡು ಅಪ್ಪ ಹೇಳಿಕೊಟ್ಟಿದ್ದ ಪಾಠ ನೆನಪಿದೆಯಲ್ಲ? "ಕಾಲ್ಬ್ರೇಕು ನಾಲ್ಕು ಗಾಲೀನೂ ಹಿಡಿಯುತ್ತೆ. ಹ್ಯಾಂಡ್‌ಬ್ರೇಕು ಗಾಲಿ ಮುಟ್ಟೋದೇ ಇಲ್ಲ. ಹಿಂದಕ್ಕೆ ಹೋಗೋ ಈ ಶಾಫ್ಟ್ ಇದ್ಯಲ್ಲ, ಇದರ ಕತ್ತು ಹಿಡಿಯುತ್ತೆ. ಕತ್ತು ಹಿಡಿದ್ರೆ ಮೈಯೆಲ್ಲ ನಿಂತಂಗೆ." ಆ ಕತ್ತಿನ ಮೇಲಿನ ಡ್ರಮ್ಮು ಬಿಚ್ಚಿದರೆ ಒಳಗೆಲ್ಲ ಗೇರ್ ಎಣ್ಣೆ. ಸೀಲ್ ಒಡೆದು ಎಣ್ಣೆ ಸೋರಿ ಲೈನಿಂಗು ನೆನೆದುಹೋಗಿತ್ತು. ನನಗೆ ಎದೆ ಹಗುರಾಯಿತು. "ಅಪ್ಪಾ, ಅಣ್ಣ ಎಳೆದಿದ್ದರೂ ಇದು ಜಾರುತ್ತಿತ್ತಲ್ಲವಾ" ಎಂದು ಕೇಳಿಯೇಬಿಟ್ಟೆ. ಅಪ್ಪ, "ಎಣ್ಣೆ ಆಮೇಲೆ ಸೋರಿದ್ದು. ನಿಂತ ಜೀಪು ಸೋರುತ್ತೆ" ಅಂದ. ಒಂದು ತಿಂಗಳಿಗೇ ಅಷ್ಟು ಎಣ್ಣೆ ಸೋರುತ್ತದೆಯೆ, ಅಣ್ಣಾ? ಅವನಿಗೂ ಗೊತ್ತು ಇಲ್ಲವೆಂದು. ಹೊಸ ಸೀಲ್ ತರಲು ಮತೆವಾಲಕ್ಕೆ ತಾನೇ ಹೋದ, ಲೈನಿಂಗಿಗೆ ಹೊಸ ಪಟ್ಟಿ ಹೊಡೆಸಿಕೊಂಡು ಬಂದ. ನಾನು ಡ್ರಮ್ಮನ್ನು ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಲೈನಿಂಗು ಡ್ರಮ್ಮಿಗೆ ತಾಗಿಯೂ ತಾಗದ ಹಾಗೆ ಹೊಂದಿಸಿ ಕೂಡಿಸಿದೆ. ಲಿವರು ಎಳೆದರೆ ಮೂರನೇ ಹಲ್ಲಿಗೇ ಕಲ್ಲಿನಂತೆ ನಿಲ್ಲುತ್ತಿತ್ತು.

ನವೆಂಬರ್ ಮೂರನೇ ತಾರೀಕು, ಭಾನುವಾರ, ಪೂಜೆ ಮುಗಿದ ಮೇಲೆ ಪರೀಕ್ಷೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಎಲ್ಲ ಜೀಪಿನವರೂ ಬಂದಿದ್ದರು, ದೋನ್ಯ ಪೆತ್ರೋನಿಲ ಊರುಗೋಲಿನೊಂದಿಗೆ ತೊಟ್ಟಿಯ ಮೇಲುಗಡೆಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. "ಈ ಸಲ ಮೇಲ್ಗಡೆ ಕೂತಿದೀನಿ ಎಪಿಫಾನಿಯೊ, ಹೆದರ್ಕೋಬೇಡ" ಎಂದು ಎಲ್ಲರನ್ನೂ ನಗಿಸಿದಳು. ಅಪ್ಪ ಎಲ್ಲರಿಗೂ ಕಾಣುವಂತೆ ಬಾಗಿಲು ತೆರೆದಿಟ್ಟು ಲಿವರು ಎಳೆದ, ಎಳೆದ ಸದ್ದು ನನ್ನವರೆಗೂ ಕೇಳಿಸಿತು. ಬಂದು ಸ್ಟೂಲಿನ ಮೇಲೆ ಕೂತ. ಗೊರ್ದಿತವನ್ನು ಒಂದು ಸಲ ಕಚ್ಚಿದ. ಎರಡನೇ ಸಲ ಕಚ್ಚಿದ. ಹಿಂದೆ ಎಲ್ಲೋ ಟಕ್ ಎಂದು ಒಂದು ಸದ್ದಾಯಿತು. ಮೊರೇನ ಮೆಲ್ಲಗೆ, ಕುರಿ ಮುಂದಕ್ಕೆ ಹೆಜ್ಜೆಯಿಡುವ ಹಾಗೆ, ಮುಂದಕ್ಕೆ ಬಂದು ಅವನ ಬೆನ್ನಿಗೆ ತಾಗಿತು. ಅವನು ಸ್ಟೂಲಿನೊಂದಿಗೆ ಮೊಣಕಾಲೂರಿ ಬಿದ್ದ. ಕಲ್ಲಿನವರು ಕಲ್ಲು ಕೊಟ್ಟರು, ಜೀಪು ನಿಂತಿತು. ಗೊರ್ದಿತ ದೂರ ಉರುಳಿ ಹೋಗಿ ಒಂದು ನಾಯಿಯ ಬಾಯಿಗೆ ಬಿತ್ತು.

ಮೊದಲು ಎಲ್ಲರೂ ನಕ್ಕರು. "ಮೊರೇನಾಗೂ ಹಸಿವಾಗಿತ್ತು ಅಂತ ಕಾಣುತ್ತೆ!" ಎಂದು ದೆಲ್ಫೀನೊ ಕೂಗಿದ. ಆಮೇಲೆ ನಗು ಒಬ್ಬೊಬ್ಬರಲ್ಲೇ ನಿಂತುಹೋಯಿತು. ದೋನ್ ತಿಬುರ್ಸಿಯೊ ಹೋಗಿ ತೆರೆದ ಬಾಗಿಲಿನೊಳಗೆ ಬಗ್ಗಿ ನೋಡಿದರು. ಲಿವರು ಮೇಲೇ ಇತ್ತು. ಅಪ್ಪ ಮೊಣಕಾಲಿನ ಧೂಳು ಕೊಡವುತ್ತಾ ಎದ್ದು, ಯಾರೂ ಕೇಳದಿದ್ದರೂ, "ಎಳ್ದಿದ್ದೆ" ಅಂದ. ನಿನ್ನದೇ ಮಾತು, ಅಣ್ಣಾ, ನಿನ್ನದೇ ದನಿಯಲ್ಲಿ. ದೋನ್ಯ ಪೆತ್ರೋನಿಲ, "ಸುಳ್ಳು ಬೊಗಳ್ಬೇಡ ಎಪಿಫಾನಿಯೊ. ಎಳೆದಿದ್ರೆ ಅದ್ಯಾಕೆ ಹೋಗ್ತಿತ್ತು?" ಎಂದು ಮೆಲ್ಲಗೆ ಕೇಳಿದಳು. ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಂದು ಘಟ್ಟ ಇಳಿಯುವಾಗ ಜೀಪು ಓಡಿಸಿದವನು ದೆಲ್ಫೀನೊ. ಅಪ್ಪ ಪಕ್ಕದಲ್ಲಿ ಕೂತಿದ್ದ.

ಅವತ್ತಿನಿಂದ ಮನೆಯಲ್ಲಿ ನಿನ್ನನ್ನು ಬೈಯುವುದು ನಿಂತಿದೆ. ಅಷ್ಟೇ ಅಲ್ಲ, ನಿನ್ನ ಹೆಸರು ಎತ್ತುವುದೇ ನಿಂತಿದೆ. ಅಮ್ಮ ಎತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಾನೆ. ತಪ್ಪಾಯಿತು ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ನಾವು ಯಾವತ್ತಾದರೂ ಕೇಳಿದ್ದೇವೆಯೆ? ಬೆಳಗಾದರೆ ಜೀಪಿನ ಕೆಳಗೆ ತೂರಿಕೊಳ್ಳುತ್ತಿದ್ದ, ಊಟಕ್ಕೆ ಕರೆದರೆ "ಬಂದೆ" ಅಂದು ಬರುತ್ತಿರಲಿಲ್ಲ. ಡ್ರಮ್ಮನ್ನು ನಾಲ್ಕು ಸಲ ಬಿಚ್ಚಿ ಕೂಡಿಸಿದ. ಎಣ್ಣೆಯ ಒಂದು ಹನಿಯೂ ಇರಲಿಲ್ಲ. ಕೇಬಲ್ ಬಿಗಿಯಿತ್ತು. ಎಲ್ಲವೂ ಸರಿಯಿತ್ತು, ಬ್ರೇಕು ಮಾತ್ರ ಹಿಡಿಯುತ್ತಿರಲಿಲ್ಲ. ಯಾವುದೂ ಕೆಟ್ಟಿಲ್ಲದ ಕಡೆ ಕೆಟ್ಟದ್ದನ್ನು ಹುಡುಕುವುದು ಎಷ್ಟು ಕಷ್ಟ ಎಂದು ಆ ಹತ್ತು ದಿನ ನನಗೆ ತಿಳಿಯಿತು. ಕಣ್ಣು ಮುಚ್ಚಿದರೆ ಡ್ರಮ್ಮು ಕಾಣುತ್ತಿತ್ತು. ರೊಟ್ಟಿ ತಟ್ಟುವಾಗಲೂ ಟಕ್ ಎಂಬ ಆ ಸದ್ದು ಎಲ್ಲಿಂದ ಬಂತು ಎಂದೇ ಯೋಚನೆ.

ಕೊನೆಗೆ ನಾನು ಅಪ್ಪನಿಗೆ ಹೇಳಿದೆ, ನೀನು ಲಿವರು ಎಳೆದು ಒಳಗೆ ಕೂತಿರು, ಅಮ್ಮನೂ ಎವರಿಸ್ತೊವೂ ಹಿಂದಿನಿಂದ ತಳ್ಳಲಿ, ನಾನು ಕೆಳಗೆ ಮಲಗಿ ನೋಡುತ್ತೇನೆ ಎಂದು. "ಮೈಮೇಲೆ ಹತ್ತುತ್ತೆ ಕಣೇ, ಪಕ್ಕದಲ್ಲಿ ಮಲ್ಕೋ" ಅಂದ. ಅಂಗಳದ ಸಮ ನೆಲ, ಒಂದು ಮೊಳ ಮುಂದೆ ಕಲ್ಲು ಇಟ್ಟಿದ್ದೆವು. ತಳ್ಳಿದರು. ಜೀಪು ಹೋಯಿತು. ಶಾಫ್ಟು ಮಾತ್ರ ಅಲ್ಲಾಡಲಿಲ್ಲ. ಅದರ ಮೇಲೆ ಒಂದು ಜೇಡ ಕೂತಿತ್ತು, ಅದು ಕೂಡ ಜಾಗ ಬಿಟ್ಟು ಕದಲಲಿಲ್ಲ. "ಅಪ್ಪಾ, ಶಾಫ್ಟು ನಿಂತೇ ಇದೆ, ಜೀಪು ಹೋಗ್ತಾ ಇದೆ" ಎಂದು ಕೂಗಿದೆ. "ತಲೆ ಕೆಟ್ಟಿದ್ಯಾ? ಕತ್ತು ಬಿಟ್ಟು ಮೈ ಎಲ್ಲಿಗೆ ಹೋಗುತ್ತೆ?" ಅಂದವನು ಮಾತು ಅರ್ಧಕ್ಕೇ ನಿಲ್ಲಿಸಿದ. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಕತ್ತು ಹಿಡಿದದ್ದು ಸರಿಯಾಗಿಯೇ ಇತ್ತು. ಶಾಫ್ಟಿನಿಂದ ಆಚೆ, ಗಾಲಿಯ ಹತ್ತಿರ ಎಲ್ಲೋ ಕಳಚಿಕೊಂಡಿತ್ತು.

ಹಿಂದಿನ ಎರಡೂ ಗಾಲಿಗಳ ಮುಚ್ಚಳ ತೆಗೆದು, ನಡುವಿನ ನಟ್ಟಿನಿಂದ ಗಾಲಿಯ ಹಬ್ಬಿನವರೆಗೆ ಸೀಮೆಸುಣ್ಣದಲ್ಲಿ ಒಂದೊಂದು ನೆಟ್ಟಗಿನ ಗೆರೆ ಎಳೆದೆ. ಮತ್ತೆ ತಳ್ಳಿಸಿದೆವು. ಬಲಗಡೆಯ ಗೆರೆ ನೆಟ್ಟಗೇ ಇತ್ತು. ಎಡಗಡೆಯದು ತುಂಡಾಗಿತ್ತು. ಅರ್ಧ ನಟ್ಟಿನ ಮೇಲೆ ಒಂದು ಕಡೆ, ಉಳಿದರ್ಧ ಹಬ್ಬಿನ ಮೇಲೆ ಇನ್ನೊಂದು ಕಡೆ. ಗಾಲಿ ಆಕ್ಸಲ್ಲಿನ ಮೇಲೆ ತನ್ನಷ್ಟಕ್ಕೆ ಜಾರುತ್ತಿತ್ತು. ಬಿಚ್ಚಿ ನೋಡಿದರೆ, ಆಕ್ಸಲ್ಲೂ ಗಾಲಿಯೂ ಒಟ್ಟಿಗೆ ತಿರುಗಲೆಂದು ನಡುವೆ ಕೂರಿಸಿರುವ ಕಿರುಬೆರಳು ಗಾತ್ರದ ಉಕ್ಕಿನ ಬೆಣೆ ಎರಡು ಹೋಳಾಗಿತ್ತು. ಹಿಂದಿನ ಒಂದು ಗಾಲಿ ಹೀಗೆ ಬಿಟ್ಟುಕೊಂಡರೆ ಇನ್ನೊಂದೂ ನಿಲ್ಲುವುದಿಲ್ಲ, ಶಾಫ್ಟಿನ ಕತ್ತನ್ನು ಎಷ್ಟೇ ಬಿಗಿಯಾಗಿ ಹಿಡಿದರೂ ಅಷ್ಟೇ. ನೀನು ಗೇರಿನಲ್ಲಿ ಬಿಟ್ಟು ಇಳಿದಿದ್ದರೂ ಉರುಳುತ್ತಿತ್ತು. ಘಟ್ಟ ಹತ್ತುವಾಗ ಯಾರಿಗೂ ಗೊತ್ತಾಗದಿದ್ದದ್ದು ಯಾಕೆಂದರೆ ಹತ್ತುವಾಗ ಮುಂದಿನ ಗಾಲಿಗಳೂ ಎಳೆಯುತ್ತವೆ. ಮೇಲೆ ತಲುಪಿ ಅವುಗಳ ಹಿಡಿತ ಬಿಡಿಸಿದ ಮೇಲೆ ಜೀಪನ್ನು ಹಿಡಿದಿಡಲು ಏನೂ ಉಳಿದಿರಲಿಲ್ಲ.

ಅಪ್ಪ ಆ ಎರಡು ಹೋಳುಗಳನ್ನು ಅಂಗೈಯಲ್ಲಿ ಹಾಕಿಕೊಂಡು ಬಹಳ ಹೊತ್ತು ನೋಡಿದ. "ಮುದಿ ಬೆಣೆ. ನನ್ನಂಗೆ" ಅಂದ. ಆಮೇಲೆ, "ಇಷ್ಟಕ್ಕೆ ಹುಡುಗ ಮನೆ ಬಿಟ್ಟ" ಅಂದ. ನಿನ್ನ ಹೆಸರನ್ನು ಆಗಲೂ ಎತ್ತಲಿಲ್ಲ.

ಮೊನ್ನೆ ಭಾನುವಾರ ಎರಡನೇ ಪರೀಕ್ಷೆಯಾಯಿತು. ಹೊಸ ಬೆಣೆ ಹಾಕಿ ಗಾಲಿ ಕೂರಿಸಿದವಳು ನಾನು. ಲಿವರು ಎಳೆದವಳೂ ನಾನೇ. ಅಪ್ಪ ಸ್ಟೂಲಿನ ಕಡೆಗೆ ಹೊರಟಿದ್ದ, ನಾನು ಮುಂದೆ ಹೋಗಿ ಕೂತುಬಿಟ್ಟೆ. "ಹೆಂಗಸ್ರು ಕೂರೋ ಪದ್ಧತಿ ಇಲ್ಲ" ಎಂದು ಯಾರೋ ಗೊಣಗಿದರು. "ಬ್ರೇಕು ಸರಿ ಮಾಡೋ ಪದ್ಧತಿ ಇದ್ಯೋ?" ಎಂದು ದೋನ್ಯ ಪೆತ್ರೋನಿಲ ಅವರ ಬಾಯಿ ಮುಚ್ಚಿಸಿದಳು. ಅಮ್ಮ ಕೊಟ್ಟ ಗೊರ್ದಿತದಲ್ಲಿ ಮೆಣಸಿನಕಾಯಿ ಹೆಚ್ಚಾಗಿತ್ತು, ಅಥವಾ ನನಗೆ ಹಾಗನ್ನಿಸಿತು. ಹಿಂದಿನ ಬಿಸಿ ಇಂಜಿನ್ನಿನ ವಾಸನೆ ಕುತ್ತಿಗೆಗೆ ಬಡಿಯುತ್ತಿತ್ತು. ಅಗಿದೆ, ಅಗಿದೆ, ಮತ್ತೆ ಅಗಿದೆ. ಕೊನೆಯ ತುತ್ತು ನುಂಗಿ, ಬೆರಳು ನೆಕ್ಕಿ ಎದ್ದೆ. ಮೊರೇನ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಪ್ಪ ದೋನ್ ತಿಬುರ್ಸಿಯೊ ಅವರಿಗೆ, "ಇಲಾರಿಯ ಬಿಗಿದ ನಟ್ಟು ಸಡಿಲ ಆದದ್ದು ಇಲ್ಲ. ಇದುವರೆಗೂ ಇಲ್ಲ, ಮುಂದೂ ಇಲ್ಲ" ಅಂದ. ಅವನ ಮುಖದಲ್ಲಿ ಏಳು ವಾರಗಳಿಂದ ಕಾಣದ ಕಳೆಯಿತ್ತು. ನಾನು ತೊಟ್ಟಿಯ ಹಿಂದೆ ಹೋಗಿ ತಿಂದದ್ದನ್ನೆಲ್ಲ ಕಕ್ಕಿದೆ.

ಧೈರ್ಯಗಾತಿ ಎಂದು ಈಗ ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ. ಅದನ್ನು ಕೇಳಲು ಆಗದೆ ಹಿತ್ತಲಿನಲ್ಲಿ ಓಡಾಡುತ್ತೇನೆ. ಅಣ್ಣಾ, ಬೆಣೆ ಮುದಿಯಾಗಿ ಮುರಿಯಲಿಲ್ಲ.

ಮಾರ್ಚಿನಲ್ಲಿ, ಸಂತ ಜೋಸೆಫರ ಹಬ್ಬದ ಹಿಂದಿನ ದಿನ, ಎಡಗಡೆಯ ಹಿಂದಿನ ಗಾಲಿಯ ಬ್ರೇಕಿಗೆ ಲೈನಿಂಗು ಹಾಕಿದ್ದೆ. ಗಾಲಿ ಕೂರಿಸಿ ನಡುವಿನ ನಟ್ಟನ್ನು ಬಿಗಿದೆ. ನಟ್ಟಿನ ಅಂಚಿನ ಕಚ್ಚೂ ಆಕ್ಸಲ್ಲಿನ ತೂತೂ ಒಂದಕ್ಕೊಂದು ಹೊಂದಲಿಲ್ಲ, ಸ್ವಲ್ಪದರಲ್ಲಿ ತಪ್ಪಿತ್ತು. ಹೊಂದದಿದ್ದರೆ ನಟ್ಟು ತಿರುಗದಂತೆ ತಡೆಯುವ ಪಿನ್ನು ಹಾಕಲಾಗುವುದಿಲ್ಲ. ಹಾಗಾದಾಗ ನಟ್ಟನ್ನು ಮುಂದಕ್ಕೇ ಬಿಗಿದು ಹೊಂದಿಸಬೇಕು, ಸತ್ತರೂ ಹಿಂದಕ್ಕೆ ತಿರುಗಿಸಬಾರದು ಎಂದು ಅಪ್ಪ ನೂರು ಸಲ ಹೇಳಿದ್ದಾನೆ. ಮುಂದಕ್ಕೆ ಬಿಗಿಯಲು ಪಾನಾಕ್ಕೆ ಸಿಕ್ಕಿಸುವ ಉದ್ದನೆಯ ಪೈಪು ಬೇಕಿತ್ತು, ಪೈಪನ್ನು ದೆಲ್ಫೀನೊ ಒಯ್ದಿದ್ದ. ನೀನು ಬೀದಿಯಲ್ಲಿ ನಿಂತು, "ಟ್ರೈನ್ ಬಂತು ಕಣೇ! ಗಾಲಿಗೇನು ಮಾಲೆ ಕಟ್ತಾ ಕೂತಿದೀಯಾ?" ಎಂದು ಕೂಗುತ್ತಿದ್ದೆ. ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ನೀನು ದಿನಾ ಕೂಗುವವನೇ. ದೆಲ್ಫೀನೊನ ಮನೆ ಮೂರು ಬಾಗಿಲು ಆಚೆಗೆ. ಹೋಗಿ ಪೈಪು ಕೇಳಬೇಕಿತ್ತು. ಅಲ್ಲಿ ಅವನ ಅಳಿಯಂದಿರು ಬಂದಿದ್ದರು, ಅಂಗಳದ ತುಂಬ ಗಂಡಸರು. ಅವರ ನಡುವೆ ಹೋಗಿ ಬಾಯಿ ತೆರೆಯಲು ನಾಚಿಕೆಯಾಯಿತು. ನಟ್ಟನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿದೆ. ತೂತು ಹೊಂದಿತು, ಪಿನ್ನು ಹಾಕಿ ಮಡಿಸಿದೆ, ಮುಚ್ಚಳ ಹೊಡೆದೆ. ಹತ್ತು ಎಣಿಸುವಷ್ಟರಲ್ಲಿ ಮುಗಿದುಹೋಯಿತು. ಅಷ್ಟು ಸಡಿಲವೇ ಸಾಕಾಯಿತು. ಆರು ತಿಂಗಳು ಗಾಲಿ ಆಕ್ಸಲ್ಲಿನ ಮೇಲೆ ಒಂದಿಷ್ಟೊಂದಿಷ್ಟೇ ಅಲುಗಾಡಿ ಅಲುಗಾಡಿ ಬೆಣೆಯನ್ನು ತಿಂದಿದೆ. ಆ ಸಿಮೆಂಟಿನ ಭಾರಕ್ಕೆ ಅದು ತುಂಡಾಗಿದೆ. ಸೀಮೆಸುಣ್ಣದ ಗೆರೆ ತುಂಡಾಗಿದ್ದನ್ನು ನೋಡಿದ ಕ್ಷಣದಲ್ಲೇ ನನಗೆ ಮಾರ್ಚಿನ ಆ ಮಧ್ಯಾಹ್ನ ಕಣ್ಣಿಗೆ ಕಟ್ಟಿತು. ಅಪ್ಪ ಮುದಿ ಬೆಣೆ ಅಂದಾಗ ಬಾಯಿ ತೆರೆದೆ, ಮಾತು ಬರಲಿಲ್ಲ. ಸಂಘದವರ ಮುಂದೆ ಅವನು ನನ್ನನ್ನು ಹೊಗಳಿದಾಗಲೂ ಬರಲಿಲ್ಲ.

ದೋನ್ಯ ಪೆತ್ರೋನಿಲಳ ಕಾಲು ಮುರಿದದ್ದು ನನ್ನಿಂದ. ನೀನು ಸುಳ್ಳುಗಾರನೆನಿಸಿಕೊಂಡು ಮನೆ ಬಿಟ್ಟದ್ದೂ ನನ್ನಿಂದ. ನೀನು ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡಿದ್ದೀಯಾ, ಅದರಲ್ಲಿ ನನಗೆ ಸೇರಬೇಕಾದ ಪಾಲನ್ನು ನನಗೆ ಕೊಡು. ಬರುವ ಭಾನುವಾರ ಸಂಘದ ಸಭೆಯಿದೆ. ಅಲ್ಲಿ ಎದ್ದು ನಿಂತು ಹೇಳುತ್ತೇನೆ, ಅದಕ್ಕೂ ಮೊದಲು ದೋನ್ಯ ಪೆತ್ರೋನಿಲಳ ಮನೆಗೆ ಹೋಗಿ ಹೇಳುತ್ತೇನೆ. ಆಮೇಲೆ ಅವರು ನನ್ನ ಕೈಗೆ ಪಾನಾ ಕೊಡುವುದಿಲ್ಲ ಅಂದರೆ ಕೊಡದಿರಲಿ. ಆದರೆ ಎಲ್ಲರಿಗಿಂತ ಮೊದಲು ಅಪ್ಪನಿಗೆ ಹೇಳಬೇಕು. ಮೂರು ದಿನದಿಂದ ಅವನ ಎದುರಿಗೆ ಹೋಗಿ ಹೋಗಿ ನಿಲ್ಲುತ್ತೇನೆ. ಅವನು "ಏನು ಮಗಳೇ?" ಅನ್ನುತ್ತಾನೆ. "ಕಾಫಿ ಬೇಕಾ?" ಅನ್ನುತ್ತೇನೆ. ಮೂರು ದಿನದಲ್ಲಿ ಅವನು ಕುಡಿದ ಕಾಫಿಗೆ ಲೆಕ್ಕವಿಲ್ಲ.

ಮೊರೇನ ಸರದಿಗೆ ಬಂದಿದೆ, ಓಡಿಸುವವರಿಲ್ಲ. ಅಪ್ಪನ ಬೆರಳಿಗೆ ಆ ಸ್ಟೀರಿಂಗು ಆಗುವುದಿಲ್ಲ. ಬಾ ಎಂದು ಬರೆಯಲು ನನಗೆ ಮುಖವಿಲ್ಲ. ಬಂದರೆ ಅಂಗಳದ ಬಾಗಿಲು ತೆರೆದೇ ಇರುತ್ತದೆ ಎಂದಷ್ಟೇ ಬರೆಯುತ್ತೇನೆ. ಅಮ್ಮ ಈ ಕಾಗದದ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಬರೆದು ನಿನ್ನನ್ನು ಹರಸಿದ್ದಾಳೆ, ಮೇಲಿನ ಮೂಲೆಯ ಹಿಟ್ಟಿನ ಗುರುತು ಅದೇ. ಉಬಾಲ್ದ ಅತ್ತೆಗೆ ನನ್ನ ನಮಸ್ಕಾರ. ಹೂವಿನ ಕಷಾಯ ಸೋಸಿ ಕುಡಿ.

ನಿನ್ನ ತಂಗಿ,
ಇಲಾರಿಯ

ವಿ.ಸೂ.: ಅಣ್ಣಾ, ಲಾರಿ ಸ್ಟಾರ್ಟ್ ಆಗಿದೆ, ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಕಾಗದ ಕೊಡಲು ಹೋದರೆ ಎವರಿಸ್ತೊ ಪಕ್ಕದಲ್ಲಿ ಅಪ್ಪ ಕೂತಿದ್ದಾನೆ, ಇಸ್ತ್ರಿ ಅಂಗಿ ಹಾಕಿಕೊಂಡು. ಅಮ್ಮನಿಗೂ ಹೇಳಿರಲಿಲ್ಲ. "ಕೊಡು, ನಾನೇ ಕೊಡ್ತೀನಿ ಅವನಿಗೆ" ಎಂದು ಕೈ ಚಾಚಿದ. ಒಂದು ನಿಮಿಷ ಎಂದು ಹೇಳಿ ಒಳಗೆ ಓಡಿಬಂದೆ. ಈಗಲೂ ಹೇಳಲು ಆಗಲಿಲ್ಲ. ಇದರಲ್ಲಿ ಏನಿದೆಯೆಂದು ಅವನಿಗೆ ಗೊತ್ತಿಲ್ಲ, ಅವನಿಗೆ ಓದಲು ಬರುವುದಿಲ್ಲ ಎಂದು ನಿನಗೆ ಗೊತ್ತೇ ಇದೆ. ನೀನು ಓದಿ ಹೇಳು. ಎಲ್ಲವನ್ನೂ ಓದು, ನಟ್ಟಿನ ಮಾತನ್ನು ಬಿಡದೆ ಓದು, ನನ್ನ ಮೇಲೆ ಕರುಣೆ ತೋರಿಸಿ ನುಂಗಿಕೊಳ್ಳಬೇಡ. ನೀನೇ ಕಟ್ಟಿ ಹೇಳುತ್ತಿದ್ದೀಯೆಂದು ಅವನಿಗೆ ಅನುಮಾನ ಬರಬಹುದು. ಸಾಕ್ಷಿಗೆ ಏನನ್ನೂ ನಾನು ಲಕೋಟೆಯಲ್ಲಿ ಇಟ್ಟಿಲ್ಲ. ಈ ಸಲ ಅವನು ನಿನ್ನ ಬಾಯಿಮಾತನ್ನೇ ನಂಬಬೇಕು.